ಕೇಳಿದ ಪ್ರಶ್ನೆ, ಬರಬೇಕಾದ ಉತ್ತರ



ಹತ್ತನೆಯ ಇಯತ್ತೆಯ ಫಲಿತಾಂಶ ಹೊರಬೀಳುವ ದಿನ ನಮ್ಮ ಶಾಲೆಯ ಪಡಸಾಲೆ ಹೇಗಿರುತ್ತದೆಂಬುದು ನಿಮಗೆಲ್ಲ ಗೊತ್ತು. ಒಂದು ಮೊಬೈಲಿನ ಸುತ್ತ ಹತ್ತು ತಲೆಗಳು. ಸೀಟ್ ನಂಬರನ್ನೂ ತಾಯಿಯ ಹೆಸರನ್ನೂ ತುಂಬಿ ಗುಂಡಿ ಒತ್ತಿದ ಮೇಲೆ ಪರದೆಯ ನಡುವೆ ಒಂದು ಚಿಕ್ಕ ಚಕ್ರ ತಿರುಗತೊಡಗುತ್ತದೆ. ಅದು ತಿರುಗುತ್ತಿರುವಷ್ಟು ಹೊತ್ತು ಯಾರೂ ಮಾತಾಡುವುದಿಲ್ಲ.

ಕೆಲವು ವರ್ಷಗಳ ಹಿಂದೆ ಅಂಥದೊಂದು ದಿನ ನಮ್ಮ ವಿದ್ಯಾರ್ಥಿನಿಯೊಬ್ಬಳು ತನ್ನ ನಂಬರು ತುಂಬಿದಳು. ಚಕ್ರ ತಿರುಗಿತು, ನಿಂತಿತು. ‘ಮಾಹಿತಿ ಇಲ್ಲ’ ಎಂಬರ್ಥದ ಒಂದು ಸಾಲು ಮೂಡಿತು. ಅವಳು ಯಾರಿಗೂ ಏನೂ ಹೇಳದೆ ಚೀಲ ಎತ್ತಿಕೊಂಡು ಮನೆಗೆ ಹೋದಳು. ನಾವು ಅದನ್ನು ಗಮನಿಸಲಿಲ್ಲ. ಇಳಿಹೊತ್ತಿಗೆ ಅವಳ ಅಣ್ಣ ಬಂದು, ತಂಗಿ ನಪಾಸಾಗಿದ್ದಾಳೆಂದು ಊಟ ಬಿಟ್ಟು ಮಲಗಿದ್ದಾಳೆಂದು ತಿಳಿಸಿದ. ಪ್ರವೇಶಪತ್ರ ತರಿಸಿ ನೋಡಿದಾಗ ಸಂಗತಿ ಬಯಲಾಯಿತು. ತಾಯಿಯ ಹೆಸರಿನ ಇಂಗ್ಲಿಷ್ ಅಕ್ಷರಗಳಲ್ಲಿ ಒಂದನ್ನು ಅವಳು ಬೇರೆಯಾಗಿ ಬರೆದಿದ್ದಳು. ಸರಿಯಾಗಿ ತುಂಬಿದೊಡನೆ ಅಂಕಗಳು ಬಂದವು. ಅವಳು ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗಿದ್ದಳು!

ಆ ನಾಲ್ಕು ತಾಸು ಆ ಮಗುವನ್ನು ಅಳಿಸಿದ್ದು ಪರೀಕ್ಷೆಯಲ್ಲ. ಒಂದು ಯಂತ್ರದ ಉತ್ತರವನ್ನು ಇನ್ನೊಂದು ಯಂತ್ರ ಸರಿಯಾಗಿ ಬಿಡಿಸಿ ಹೇಳದೆ ಇದ್ದದ್ದು. ‘ನೀನು ತುಂಬಿದ ಹೆಸರು ನಮ್ಮಲ್ಲಿರುವ ಹೆಸರಿಗೆ ಹೊಂದುತ್ತಿಲ್ಲ, ಪ್ರವೇಶಪತ್ರ ನೋಡಿ ಮತ್ತೆ ತುಂಬು’ ಎಂದು ಆ ಪುಟ ಹೇಳಿದ್ದರೆ ಸಾಕಿತ್ತು. ಆದುದರಿಂದ ಈ ಸಲದ ವಾರ್ಷಿಕ ಸಂಚಿಕೆಯಲ್ಲಿ, ಕನ್ನಡ ಕಲಿಸುವವರಾದ ನಾವು ಗಣಕಯಂತ್ರದ ಈ ವಿಷಯವನ್ನು ಕೈಗೆತ್ತಿಕೊಂಡಿದ್ದೇವೆ. ನಿಮ್ಮಲ್ಲಿ ಕೆಲವರು ನಾಳೆ ಇಂಥ ಪುಟಗಳನ್ನು ಕಟ್ಟುವವರು. ಉಳಿದವರೆಲ್ಲರೂ ಅವನ್ನು ಬಳಸುವವರು. ಇಬ್ಬರಿಗೂ ಇದು ತಿಳಿದಿರಬೇಕು.

ಕೇಳುವವನು, ಹೇಳುವವನು

ಮೊಬೈಲಿನಲ್ಲಾಗಲಿ ಗಣಕಯಂತ್ರದಲ್ಲಾಗಲಿ ಅಂತರಜಾಲದ ಪುಟಗಳನ್ನು ತೋರಿಸುವ ತಂತ್ರಾಂಶಕ್ಕೆ ಬ್ರೌಸರ್ ಎಂದು ಹೆಸರು. ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಇವೆಲ್ಲ ಬ್ರೌಸರುಗಳು. ಮಾಹಿತಿಯನ್ನು ಇಟ್ಟುಕೊಂಡು, ಕೇಳಿದವರಿಗೆ ಕೊಡುವ ದೂರದ ಗಣಕಯಂತ್ರವೇ ಸರ್ವರ್. ಬ್ರೌಸರ್ ಕೇಳುತ್ತದೆ, ಸರ್ವರ್ ಹೇಳುತ್ತದೆ. ಕೇಳುವುದಕ್ಕೆ ರಿಕ್ವೆಸ್ಟ್ ಎಂದೂ ಹೇಳುವುದಕ್ಕೆ ರೆಸ್ಪಾನ್ಸ್ ಎಂದೂ ಕರೆಯುವರು. ನಾವು ಇಲ್ಲಿ ಅವನ್ನು ವಿನಂತಿ ಮತ್ತು ಉತ್ತರ ಎನ್ನೋಣ. ಇವೆರಡೂ ಹೇಗಿರಬೇಕೆಂಬ ಒಪ್ಪಂದಕ್ಕೆ ಎಚ್‌ಟಿಟಿಪಿ ಎಂದು ಹೆಸರು.

ಉತ್ತರವೆಂಬುದು ಒಂದು ಲಕೋಟೆ ಇದ್ದಂತೆ. ಅದರ ಮೇಲೆ ಮೂರು ಅಂಕಿಗಳ ಒಂದು ಸಂಖ್ಯೆ ಇರುತ್ತದೆ. ಅದು ಕೆಲಸ ಆಯಿತೇ ಇಲ್ಲವೇ ಎಂಬುದನ್ನು ತಿಳಿಸುತ್ತದೆ. ಅದರ ಕೆಳಗೆ ಒಳಗಿರುವುದು ಯಾವ ಬಗೆಯದು, ಯಾವ ಲಿಪಿಸಂಕೇತದಲ್ಲಿದೆ, ಯಾವಾಗ ಹೊರಟಿತು ಎಂಬ ಟಿಪ್ಪಣಿಗಳಿರುತ್ತವೆ. ಇವಕ್ಕೆ ಹೆಡರ್ ಎನ್ನುವರು. ಲಕೋಟೆಯೊಳಗೆ ನಿಜವಾದ ಮಾಹಿತಿ ಇರುತ್ತದೆ. ಮೇಲಿನದನ್ನು ಓದದೆ ಒಳಗಿನದನ್ನು ಓದಲು ಹೊರಡುವುದೇ ಈ ವಿಷಯದಲ್ಲಿ ಆಗುವ ಮೊದಲ ತಪ್ಪು.

ಗಿರಣಿಗೆ ಕೊಟ್ಟ ಡಬ್ಬಿ

ಜೋಳ ಬೀಸಿಸಲು ನೀವು ಗಿರಣಿಗೆ ಹೋಗುತ್ತೀರಿ. ಎರಡು ರೀತಿಯಲ್ಲಿ ಈ ಕೆಲಸ ಮಾಡಬಹುದು. ಹಿಟ್ಟು ಆಗುವ ತನಕ ಅಲ್ಲಿಯೇ ನಿಲ್ಲುವುದು ಒಂದು ರೀತಿ. ಅಷ್ಟು ಹೊತ್ತು ಮನೆಯ ಕೆಲಸವೆಲ್ಲ ನಿಂತಿರುತ್ತದೆ. ಡಬ್ಬಿಯನ್ನು ಅಲ್ಲಿಟ್ಟು, ‘ಆದ ಮೇಲೆ ಕೂಗಿರಿ’ ಎಂದು ಹೇಳಿ, ಮನೆಗೆ ಬಂದು ಬೇರೆ ಕೆಲಸದಲ್ಲಿ ತೊಡಗುವುದು ಎರಡನೆಯ ರೀತಿ.

ಮೊದಲಿನ ಕಾಲದ ಅಂತರಜಾಲ ಪುಟಗಳು ಮೊದಲನೆಯ ರೀತಿಯವು. ಒಂದು ಗುಂಡಿ ಒತ್ತಿದರೆ ಇಡೀ ಪುಟ ಅಳಿಸಿಹೋಗಿ, ಹೊಸ ಪುಟ ಬರುವ ತನಕ ಬಿಳಿ ಪರದೆಯನ್ನು ನೋಡುತ್ತ ಕೂಡಬೇಕಾಗಿತ್ತು. ಈಗಿನ ಪುಟಗಳು ಎರಡನೆಯ ರೀತಿಯವು. ಪುಟ ಇದ್ದಲ್ಲಿಯೇ ಇರುತ್ತದೆ. ಹಿಂದಿನಿಂದ ಸದ್ದಿಲ್ಲದೆ ಒಂದು ವಿನಂತಿ ಹೋಗುತ್ತದೆ. ಉತ್ತರ ಬಂದಾಗ ಪುಟದ ಒಂದು ಮೂಲೆ ಮಾತ್ರ ಬದಲಾಗುತ್ತದೆ. ಹೀಗೆ ಕಾಯುತ್ತ ನಿಲ್ಲದೆ ಕೇಳುವ ಕ್ರಮಕ್ಕೆ ಅಸಿಂಕ್ರೊನಸ್ ಎಂದು ಹೆಸರು.

ಆದರೆ ಗಿರಣಿಯಲ್ಲಿ ಡಬ್ಬಿ ಬಿಟ್ಟು ಬರುವ ತಾಯಿ ಮನೆಯಲ್ಲಿ ಮಗಳಿಗೆ ಏನು ಹೇಳುತ್ತಾಳೆ? ‘ಹಿಟ್ಟು ಬಂದರೆ ರೊಟ್ಟಿ ಬಡಿ, ಕರೆಂಟು ಹೋಗಿ ಹಿಟ್ಟು ಬರದಿದ್ದರೆ ಅನ್ನಕ್ಕಿಡು, ಏಳು ಗಂಟೆಯ ತನಕ ಯಾರೂ ಕೂಗದಿದ್ದರೆ ಹೋಗಿ ಕೇಳಿ ಬಾ.’ ಈ ಮೂರು ಮಾತುಗಳನ್ನು ಲಕ್ಷ್ಯದಲ್ಲಿಡಿರಿ. ಉತ್ತರ ಬಂದರೆ ಏನು ಮಾಡಬೇಕು, ಕೆಟ್ಟ ಉತ್ತರ ಬಂದರೆ ಏನು ಮಾಡಬೇಕು, ಯಾವ ಉತ್ತರವೂ ಬರದಿದ್ದರೆ ಏನು ಮಾಡಬೇಕು ಎಂಬುದನ್ನು ಮೊದಲೇ ಹೇಳಿಡಬೇಕು. ಹೀಗೆ ಮುಂಚಿತವಾಗಿ ಹೇಳಿಟ್ಟ ಅಪ್ಪಣೆಗೆ ಕಾಲ್‌ಬ್ಯಾಕ್ ಎನ್ನುವರು. ಅನೇಕ ಪುಟಗಳಲ್ಲಿ ಮೊದಲನೆಯ ಅಪ್ಪಣೆ ಮಾತ್ರ ಇರುತ್ತದೆ. ಹಿಟ್ಟು ಬಾರದ ದಿನ ಅಂಥ ಮನೆಯಲ್ಲಿ ಎಲ್ಲರೂ ಉಪವಾಸ!

ಸ್ವಲ್ಪ ಇತಿಹಾಸ

ಬ್ರೌಸರಿನೊಳಗೆ ಕೆಲಸ ಮಾಡುವ ಜಾವಾಸ್ಕ್ರಿಪ್ಟ್ ಎಂಬ ಭಾಷೆಯನ್ನು ಬ್ರೆಂಡನ್ ಐಕ್ ಎಂಬವರು 1995ರಲ್ಲಿ ರಚಿಸಿದರು. ಮೈಕ್ರೋಸಾಫ್ಟ್ ಸಂಸ್ಥೆಯವರು ಅಂಚೆ ನೋಡುವ ತಮ್ಮ ಔಟ್‌ಲುಕ್ ವೆಬ್ ಆಕ್ಸೆಸ್ ಎಂಬ ಪುಟಕ್ಕಾಗಿ ಹಿಂದಿನಿಂದ ವಿನಂತಿ ಕಳಿಸುವ ಒಂದು ಸಾಧನವನ್ನು ಸಿದ್ಧಪಡಿಸಿ, 1999ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರಿನ 5ನೆಯ ಆವೃತ್ತಿಯೊಡನೆ ಹೊರತಂದರು. ಅದರ ಹೆಸರು ಎಕ್ಸ್‌ಎಂಎಲ್‌ಎಚ್‌ಟಿಟಿಪಿ. ಮುಂದೆ ಇತರ ಬ್ರೌಸರುಗಳೂ ಇದನ್ನು ಎಕ್ಸ್‌ಎಂಎಲ್‌ಎಚ್‌ಟಿಟಿಪಿ-ರಿಕ್ವೆಸ್ಟ್ ಎಂಬ ಹೆಸರಿನಿಂದ ಅಳವಡಿಸಿಕೊಂಡವು.

2004ರಲ್ಲಿ ಗೂಗಲಿನ ಜಿಮೇಲ್, 2005ರಲ್ಲಿ ಅದರ ನಕಾಶೆಗಳು ಬಂದಾಗ ಪುಟ ಅಳಿಸದೆ ಕೆಲಸ ಸಾಗುವ ಚಮತ್ಕಾರವನ್ನು ಜನ ಕಂಡರು. 2005ರ ಫೆಬ್ರುವರಿಯಲ್ಲಿ ಜೆಸ್ಸಿ ಜೇಮ್ಸ್ ಗ್ಯಾರೆಟ್ ಎಂಬವರು ಒಂದು ಲೇಖನದಲ್ಲಿ ಈ ಕ್ರಮಕ್ಕೆ ‘ಅಜಾಕ್ಸ್’ ಎಂದು ನಾಮಕರಣ ಮಾಡಿದರು. ಮಾಹಿತಿಯನ್ನು ಎಕ್ಸ್‌ಎಂಎಲ್ ಎಂಬ ರೂಪದಲ್ಲಿ ಕಳಿಸುವುದು ಕ್ರಮೇಣ ಕಡಿಮೆಯಾಗಿ, ಜೇಸನ್ ಎಂಬ ಹಗುರವಾದ ರೂಪ ರೂಢಿಗೆ ಬಂತು. ಎಕ್ಸ್‌ಎಂಎಲ್ ಎಂಬ ಹಳೆಯ ಹೆಸರು ಮಾತ್ರ ಸಾಧನಕ್ಕೆ ಅಂಟಿಕೊಂಡು ಉಳಿಯಿತು. ಈಗ ಫೆಚ್ ಎಂಬ ಹೊಸ ಸಾಧನವೂ ಬಳಕೆಯಲ್ಲಿದೆ.

ಉತ್ತರದ ಐದು ಅವಸ್ಥೆಗಳು

ಎಕ್ಸ್‌ಎಂಎಲ್‌ಎಚ್‌ಟಿಟಿಪಿ-ರಿಕ್ವೆಸ್ಟ್ ತನ್ನ ಕೆಲಸ ಎಲ್ಲಿಯ ತನಕ ಬಂತೆಂಬುದನ್ನು 0ಯಿಂದ 4ರ ತನಕದ ಸಂಖ್ಯೆಗಳಿಂದ ತಿಳಿಸುತ್ತದೆ. 0 ಎಂದರೆ ವಿನಂತಿ ಇನ್ನೂ ಸಿದ್ಧವಾಗಿಲ್ಲ. 1 ಎಂದರೆ ವಿಳಾಸ ಬರೆದು ಸಿದ್ಧವಾಗಿದೆ. 2 ಎಂದರೆ ವಿನಂತಿ ಹೋಗಿದೆ, ಲಕೋಟೆಯ ಮೇಲಿನ ಟಿಪ್ಪಣಿಗಳು ಬಂದಿವೆ. 3 ಎಂದರೆ ಒಳಗಿನ ಮಾಹಿತಿ ತುಸುತುಸುವಾಗಿ ಬರುತ್ತಿದೆ. 4 ಎಂದರೆ ಕೆಲಸ ಮುಗಿಯಿತು.

ಇಲ್ಲಿ ಒಂದು ಎಚ್ಚರ. 4 ಎಂದರೆ ‘ಮುಗಿಯಿತು’ ಎಂದಷ್ಟೇ ಅರ್ಥ, ‘ಯಶಸ್ವಿಯಾಯಿತು’ ಎಂದಲ್ಲ. ಪರೀಕ್ಷೆ ಮುಗಿಯುವುದಕ್ಕೂ ತೇರ್ಗಡೆಯಾಗುವುದಕ್ಕೂ ಇರುವ ಅಂತರವೇ ಇಲ್ಲಿಯೂ ಉಂಟು. ಮುಗಿದ ಮೇಲೆ ಲಕೋಟೆಯ ಮೇಲಿನ ಮೂರಂಕಿಯ ಸಂಖ್ಯೆಯನ್ನು ನೋಡಲೇಬೇಕು.

ಮೂರಂಕಿಯ ಮಾತು

ಆ ಸಂಖ್ಯೆಯ ಮೊದಲಂಕಿಯಿಂದಲೇ ಉತ್ತರದ ಜಾತಿ ತಿಳಿಯುತ್ತದೆ. 1ರಿಂದ ಆರಂಭವಾದರೆ ಅದು ನಡುವಿನ ಸೂಚನೆ. 2ರಿಂದ ಆರಂಭವಾದರೆ ಕೆಲಸ ಆಯಿತು. 3 ಬಂದರೆ ಬೇರೆ ಕಡೆ ನೋಡು, ಇಲ್ಲವೆ ನಿನ್ನಲ್ಲಿರುವ ಪ್ರತಿಯೇ ಸಾಕು ಎಂದರ್ಥ. 4 ಬಂದರೆ ಕೇಳಿದವನ ಕಡೆಯ ದೋಷ. 5 ಬಂದರೆ ಹೇಳುವವನ ಕಡೆಯ ದೋಷ.

ಮುಖ್ಯವಾದ ಕೆಲವನ್ನು ಬಾಯಿಪಾಠ ಮಾಡಿಕೊಂಡರೆ ಒಳ್ಳೆಯದು. 200 ಎಂದರೆ ಎಲ್ಲ ಸರಿ. 204 ಎಂದರೆ ಸರಿ, ಆದರೆ ಲಕೋಟೆ ಖಾಲಿ. 304 ಎಂದರೆ ಹಿಂದೆ ಕೊಟ್ಟದ್ದೇ ಈಗಲೂ ಸರಿ. 400 ಎಂದರೆ ಪ್ರಶ್ನೆಯೇ ಅಡ್ಡಾದಿಡ್ಡಿ. 401 ಎಂದರೆ ನೀನು ಯಾರೆಂದು ಮೊದಲು ತಿಳಿಸು. 403 ಎಂದರೆ ನಿನಗೆ ಅಪ್ಪಣೆಯಿಲ್ಲ. 404 ಎಂದರೆ ಕೇಳಿದ ವಸ್ತು ಇಲ್ಲಿಲ್ಲ. 429 ಎಂದರೆ ಬಹಳ ಸಲ ಕೇಳಿದೆ, ತಾಳು. 500 ಎಂದರೆ ಸರ್ವರಿನೊಳಗೇ ಏನೋ ಕೆಟ್ಟಿತು. 503 ಎಂದರೆ ಸದ್ಯಕ್ಕೆ ಸೇವೆ ಸಾಧ್ಯವಿಲ್ಲ. 504 ಎಂದರೆ ನಡುವಿನ ಸರ್ವರಿಗೆ ಒಳಗಿನ ಸರ್ವರಿನಿಂದ ಹೊತ್ತಿಗೆ ಸರಿಯಾಗಿ ಉತ್ತರ ಸಿಗಲಿಲ್ಲ.

ಫೆಚ್ ಸಾಧನವನ್ನು ಬಳಸುವವರು ಇನ್ನೊಂದನ್ನು ತಿಳಿದಿರಬೇಕು. ಅದು ಪ್ರಾಮಿಸ್, ಅಂದರೆ ವಚನ, ಎಂಬುದನ್ನು ಕೈಗೆ ಕೊಡುತ್ತದೆ. ವಚನಕ್ಕೆ ಮೂರು ಸ್ಥಿತಿ: ಬಾಕಿ ಇರುವುದು, ನೆರವೇರಿದ್ದು, ಮುರಿದದ್ದು. ಸರ್ವರ್ 404 ಅಥವಾ 500 ಎಂದು ಹೇಳಿದರೆ ವಚನ ಮುರಿಯಿತೆಂದು ಹೊಸಬರು ತಿಳಿಯುವರು. ಅದು ತಪ್ಪು. ಉತ್ತರ ಬಂತಲ್ಲ, ವಚನ ನೆರವೇರಿದಂತೆಯೇ! ಹಾದಿಯೇ ಕಡಿದು ಉತ್ತರ ಬಾರದೆ ಹೋದಂಥ ಸಂದರ್ಭಗಳಲ್ಲಿ ಅದು ಮುರಿಯುತ್ತದೆ. ಆದುದರಿಂದ ನೆರವೇರಿದ ವಚನದಲ್ಲಿಯೂ ‘ಓಕೆ’ ಎಂಬ ಗುರುತು ಇದೆಯೇ ಎಂದು ಬೇರೆಯಾಗಿ ಪರೀಕ್ಷಿಸಬೇಕು. ಅಲ್ಲದೆ ಸರ್ವರ್ ಕೆಟ್ಟಾಗ ಕೆಲವೊಮ್ಮೆ ಜೇಸನ್ ಬರಬೇಕಾದಲ್ಲಿ ಸಾಧಾರಣ ಪುಟವೊಂದು ಬರುತ್ತದೆ. ಒಳಗಿನದು ಯಾವ ಬಗೆಯದೆಂದು ಟಿಪ್ಪಣಿ ನೋಡಿಕೊಳ್ಳದೆ ಬಿಡಿಸಹೋದರೆ ಇಡೀ ಕೆಲಸ ಅಲ್ಲಿಯೇ ಮುಗ್ಗರಿಸುತ್ತದೆ.

ಮೂರು ಬಗೆಯ ‘ಇಲ್ಲ’

ಈಗ ನಮ್ಮ ವ್ಯಾಕರಣದ ಪಾಠಕ್ಕೆ ಬರೋಣ. ‘ಪತ್ರ ಬಂದಿಲ್ಲ’, ‘ಪತ್ರ ಬರಲಿಲ್ಲ’, ‘ಪತ್ರ ಬರುವುದಿಲ್ಲ’ ಈ ಮೂರು ವಾಕ್ಯಗಳ ಅರ್ಥ ಒಂದೆಯೇ? ಅಲ್ಲ. ‘ಬಂದಿಲ್ಲ’ ಎಂದರೆ ಇನ್ನೂ ಬರಬಹುದು, ಕಾಯಬೇಕು. ‘ಬರಲಿಲ್ಲ’ ಎಂದರೆ ಬರಬೇಕಾದ ಹೊತ್ತು ಕಳೆಯಿತು, ವಿಚಾರಿಸಬೇಕು. ‘ಬರುವುದಿಲ್ಲ’ ಎಂದರೆ ಮಾತು ತೀರಿತು. ಬೇರೆ ದಾರಿ ನೋಡಬೇಕು. ಕನ್ನಡದಲ್ಲಿ ‘ಇಲ್ಲ’ ಬೇರೆ, ‘ಅಲ್ಲ’ ಬೇರೆ, ‘ಬೇಡ’ ಬೇರೆ, ‘ಒಲ್ಲೆ’ ಬೇರೆ. ಓಣಿಯಲ್ಲಿ ನೀವು ದಿನವೂ ಕೇಳುವ ಮರಾಠಿಯಲ್ಲಿಯೂ ‘ನಾಹಿ’ ಮತ್ತು ‘ನಕೊ’ ಒಂದೇ ಅಲ್ಲ. ನಿಷೇಧದ ಈ ಸೂಕ್ಷ್ಮವನ್ನು ನಮ್ಮ ಹಳ್ಳಿಯ ಅಕ್ಷರ ಬಾರದ ಅಜ್ಜಿಯೂ ತಪ್ಪುವುದಿಲ್ಲ. ಪುಟ ಕಟ್ಟುವವರು ಏಕೆ ತಪ್ಪಬೇಕು?

ಉತ್ತರದ ವಿಷಯದಲ್ಲಿಯೂ ಮೂರು ಸಂದರ್ಭಗಳಿವೆ.

ಒಂದು, ಉತ್ತರ ಇನ್ನೂ ಬಂದಿಲ್ಲ. ಆಗ ಚಕ್ರ ತಿರುಗಿಸಿದರೆ ಸಾಲದು. ‘ಹುಡುಕಲಾಗುತ್ತಿದೆ, ದಯವಿಟ್ಟು ಕಾಯಿರಿ’ ಎಂಬ ಮಾತೂ ಇರಬೇಕು.

ಎರಡು, ಉತ್ತರ ಬರಲೇ ಇಲ್ಲ. ಹಾದಿ ಕಡಿಯಿತು, ಇಲ್ಲವೆ ಗೊತ್ತುಪಡಿಸಿದ ವೇಳೆ ಮೀರಿತು. ಆಗ ‘ಸರ್ವರನ್ನು ತಲುಪಲಾಗಲಿಲ್ಲ, ಇದು ನಿಮ್ಮ ಫಲಿತಾಂಶವಲ್ಲ, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ನೋಡಿರಿ’ ಎಂದು ಹೇಳಬೇಕು. ಎಷ್ಟು ಹೊತ್ತು ಕಾಯಬೇಕೆಂಬುದನ್ನು ಮಿಲಿಸೆಕೆಂಡುಗಳಲ್ಲಿ ಗೊತ್ತುಪಡಿಸುವ ಸೌಕರ್ಯ ಸಾಧನದಲ್ಲಿಯೇ ಇದೆ. ಗೊತ್ತುಪಡಿಸದೆ ಬಿಟ್ಟರೆ ಚಕ್ರ ಬಹಳ ಹೊತ್ತು ಸುಮ್ಮನೆ ತಿರುಗುತ್ತಿರಬಹುದು.

ಮೂರು, ಉತ್ತರ ಬಂದಿದೆ, ಅದು ‘ಇಲ್ಲ’ ಎಂದೇ ಹೇಳುತ್ತಿದೆ. ಆಗ ಏನು ಇಲ್ಲ, ಏಕೆ ಇಲ್ಲ, ಏನು ಮಾಡಿದರೆ ಸಿಕ್ಕೀತು ಎಂಬುದನ್ನು ಹೇಳಬೇಕು.

ಈ ಮೂರಕ್ಕೂ ಒಂದೇ ಸಾಲನ್ನು ತೋರಿಸಿದ ಪುಟವೇ ನಮ್ಮ ವಿದ್ಯಾರ್ಥಿನಿಯನ್ನು ಅಳಿಸಿದ್ದು. ಪುಟ ಅಳಿಸದೆ ಒಂದು ಮೂಲೆ ಮಾತ್ರ ಬದಲಾಗುವಾಗ ಕಣ್ಣು ಕಾಣದವರಿಗೆ ಅದು ತಿಳಿಯುವುದೇ ಇಲ್ಲವೆಂಬುದನ್ನೂ ನೆನಪಿಡಬೇಕು. ಪರದೆಯನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಕ್ಕೆ ‘ಇಲ್ಲಿ ಹೊಸ ಮಾತು ಬಂದಿದೆ’ ಎಂದು ಸೂಚಿಸಲು ಏರಿಯಾ-ಲೈವ್ ಎಂಬ ಗುರುತನ್ನು ಆ ಮೂಲೆಗೆ ಹಚ್ಚಬೇಕು.

ಮತ್ತೆ ಮತ್ತೆ ಕೇಳುವುದು

ಉತ್ತರ ಬರದಿದ್ದರೆ ಮತ್ತೆ ಕೇಳುವುದು ಸಹಜ. ಆದರೆ ಹೇಗೆ ಕೇಳಬೇಕು? ಮಹಾರಾಷ್ಟ್ರದಲ್ಲಿ ವರ್ಷಕ್ಕೆ ಸುಮಾರು 15 ಲಕ್ಷ ವಿದ್ಯಾರ್ಥಿಗಳು ಹತ್ತನೆಯ ಇಯತ್ತೆಯ ಪರೀಕ್ಷೆಗೆ ಕೂಡುತ್ತಾರೆ. ಅವರೆಲ್ಲ ಒಂದು ತಾಸಿನಲ್ಲಿ ಸಮನಾಗಿ ಹಂಚಿಕೊಂಡು ಒಂದೊಂದು ಸಲ ಕೇಳಿದರೆ ಸೆಕೆಂಡಿಗೆ ಸುಮಾರು 417 ವಿನಂತಿಗಳಾದವು. ಎಲ್ಲರೂ ಮೊದಲ ಒಂದೇ ನಿಮಿಷದಲ್ಲಿ ಕೇಳಿದರೆ ಸೆಕೆಂಡಿಗೆ 25,000. ಉತ್ತರ ತಡವಾಯಿತೆಂದು ಒಬ್ಬೊಬ್ಬರೂ ಆ ನಿಮಿಷದಲ್ಲಿ ನಾಲ್ಕು ಸಲ ಗುಂಡಿ ಒತ್ತಿದರೆ ಸೆಕೆಂಡಿಗೆ ಒಂದು ಲಕ್ಷ! ಸರ್ವರ್ ನಿಧಾನವಾದದ್ದರಿಂದ ನಾವು ಹೆಚ್ಚು ಸಲ ಒತ್ತುತ್ತೇವೆ. ನಾವು ಹೆಚ್ಚು ಸಲ ಒತ್ತುವುದರಿಂದ ಅದು ಇನ್ನೂ ನಿಧಾನವಾಗುತ್ತದೆ. ಜಾತ್ರೆಯ ಬಸ್ಸಿನ ಬಾಗಿಲಲ್ಲಿ ಎಲ್ಲರೂ ಒಟ್ಟಿಗೆ ನುಗ್ಗಿದಂತೆ.

ಇದಕ್ಕೆ ಒಂದು ಸರಳ ಉಪಾಯವಿದೆ. ಮೊದಲ ಸಲ ಸೋತರೆ 1 ಸೆಕೆಂಡು ಬಿಟ್ಟು ಕೇಳಬೇಕು. ಮತ್ತೆ ಸೋತರೆ 2, ಅನಂತರ 4, ಅನಂತರ 8, ಹೀಗೆ ಇಮ್ಮಡಿಯಾಗಿ ಬಿಡುವು ಕೊಡಬೇಕು. ಎಲ್ಲರ ಬಿಡುವೂ ಒಂದೇ ಆದರೆ ಎಲ್ಲರೂ ಮತ್ತೆ ಒಟ್ಟಿಗೇ ಬಂದಾರು. ಆದ್ದರಿಂದ ಆ ಬಿಡುವಿಗೆ ಮನಬಂದಷ್ಟು ತುಸು ಹೆಚ್ಚು ಕಡಿಮೆ ಸೇರಿಸಬೇಕು. ಕೆಲವು ಪ್ರಯತ್ನಗಳಾದ ಮೇಲೆ ನಿಲ್ಲಿಸಿ, ಬಳಸುವವನಿಗೆ ನಿಜ ಹೇಳಬೇಕು. 503 ಅಥವಾ 429ರ ಜೊತೆಗೆ ‘ಇಷ್ಟು ಸೆಕೆಂಡು ಬಿಟ್ಟು ಬಾ’ ಎಂಬ ಟಿಪ್ಪಣಿಯನ್ನು ಸರ್ವರ್ ಕಳಿಸಿದ್ದರೆ ಅದರ ಮಾತನ್ನೇ ನಡೆಸಬೇಕು. 404 ಬಂದರೆ ಅದೇ ಪ್ರಶ್ನೆಯನ್ನು ಎಷ್ಟು ಸಲ ಕೇಳಿದರೂ ಸಾಧಾರಣವಾಗಿ ವ್ಯರ್ಥ, ಪ್ರಶ್ನೆಯನ್ನು ತಿದ್ದಬೇಕು.

ಎರಡು ಸಲ ಬಂದ ಸಕ್ಕರೆ

ಅಪ್ಪ ಹಿರಿಯ ಮಗನ ಕೈಗೆ ‘ಐದು ಕಿಲೋ ಸಕ್ಕರೆ ಕೊಡಿರಿ’ ಎಂಬ ಚೀಟಿ ಕೊಟ್ಟು ಕಿರಾಣಿ ಅಂಗಡಿಗೆ ಕಳಿಸಿದ. ತಾಸಾದರೂ ಮಗ ಬರಲಿಲ್ಲ. ಕಿರಿಯ ಮಗನ ಕೈಗೆ ಇನ್ನೊಂದು ಚೀಟಿ ಕೊಟ್ಟ. ಸಂಜೆ ಇಬ್ಬರೂ ಸಕ್ಕರೆ ತಂದರು. ಉದ್ರಿ ಖಾತೆಯಲ್ಲಿ ಹತ್ತು ಕಿಲೋ!

ಉತ್ತರ ಬರಲಿಲ್ಲವೆಂದರೆ ಕೆಲಸ ಆಗಲಿಲ್ಲ ಎಂದೇ ಅರ್ಥವಲ್ಲ. ವಿನಂತಿ ಹೋಗುವಾಗಲೇ ಕಳೆದಿರಬಹುದು. ಕೆಲಸ ಅರ್ಧಕ್ಕೆ ನಿಂತಿರಬಹುದು. ಕೆಲಸ ಪೂರ್ತಿಯಾಗಿ ಉತ್ತರ ಮಾತ್ರ ಹಾದಿಯಲ್ಲಿ ಕಳೆದಿರಬಹುದು. ಕೇಳಿದವನಿಗೆ ಈ ಮೂರೂ ಒಂದೇ ಬಗೆಯ ಮೌನವಾಗಿ ಕಾಣುತ್ತವೆ. ಮಾಹಿತಿಯನ್ನು ನೋಡುವ ವಿನಂತಿಗೆ ಗೆಟ್ ಎಂದು ಹೆಸರು. ಅದನ್ನು ಎಷ್ಟು ಸಲ ಕಳಿಸಿದರೂ ಹಾನಿಯಿಲ್ಲ. ಶುಲ್ಕ ತುಂಬುವುದು, ಅರ್ಜಿ ಸಲ್ಲಿಸುವುದು ಮುಂತಾದವಕ್ಕೆ ಪೋಸ್ಟ್ ಎಂಬ ಬಗೆಯ ವಿನಂತಿ ಹೋಗುತ್ತದೆ. ಅದನ್ನು ಎರಡು ಸಲ ಕಳಿಸಿದರೆ ಶುಲ್ಕವೂ ಎರಡು ಸಲ ಹೋದೀತು.

ಪರಿಹಾರ ಚೀಟಿಯಲ್ಲಿಯೇ ಇದೆ. ಅಪ್ಪ ಎರಡೂ ಚೀಟಿಗಳ ಮೇಲೆ ‘ಚೀಟಿ ನಂಬರು 17’ ಎಂದು ಬರೆದಿದ್ದರೆ, ‘17ನೆಯ ಚೀಟಿಗೆ ಆಗಲೇ ಸಕ್ಕರೆ ಕೊಟ್ಟಿದ್ದೇನೆ’ ಎಂದು ಅಂಗಡಿಕಾರ ಹೇಳುತ್ತಿದ್ದ. ಒಂದೊಂದು ಕೆಲಸಕ್ಕೂ ಒಂದೊಂದು ನಂಬರು ಕೊಟ್ಟು, ಮತ್ತೆ ಕಳಿಸುವಾಗ ಅದೇ ನಂಬರಿನಿಂದ ಕಳಿಸುವುದೇ ಸರಿಯಾದ ಕ್ರಮ. ಇದರೊಡನೆ ಉತ್ತರ ಬರುವ ತನಕ ಗುಂಡಿ ಒತ್ತಲಾಗದಂತೆ ಮಾಡಿಡಬೇಕು. ಬಳಸುವವರಾದ ನೀವೂ ಹಣ ತುಂಬಿದ ಮೇಲೆ ಪುಟ ಸ್ತಬ್ಧವಾದರೆ ಮತ್ತೆ ಒತ್ತದೆ, ಮೊದಲು ಖಾತೆಯಿಂದ ಹಣ ಹೋಗಿದೆಯೇ ಎಂದು ನೋಡಿರಿ.

ತಡವಾಗಿ ಬಂದ ಹಳೆಯ ಉತ್ತರ

2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಅದರ ಹುಡುಕುವ ಚೌಕದಲ್ಲಿ ‘ಮಿ’ ಎಂದು ಬರೆದೊಡನೆ ಕೆಳಗೆ ಕೆಲವು ಹೆಸರುಗಳು ಮೂಡುತ್ತವೆ. ‘ಮಿರ’ ಎಂದರೆ ಪಟ್ಟಿ ಬದಲಾಗುತ್ತದೆ. ‘ಮಿರಜ’ ಎಂದರೆ ಇನ್ನೂ ಚಿಕ್ಕದಾಗುತ್ತದೆ. ನೀವು ಬರೆಯುತ್ತಿದ್ದಂತೆ ಹಿಂದಿನಿಂದ ವಿನಂತಿಗಳು ಹೋಗುತ್ತಿರುತ್ತವೆ.

ಮೂರು ವಿನಂತಿಗಳು ಒಂದರ ಹಿಂದೊಂದು ಹೋದವು ಎನ್ನೋಣ. ಉತ್ತರಗಳೂ ಅದೇ ಸರದಿಯಲ್ಲಿ ಬರುತ್ತವೆಂಬ ನಿಯಮ ಇಲ್ಲ. ‘ಮಿರಜ’ದ ಉತ್ತರ ಮೊದಲು ಬಂದು, ‘ಮಿ’ ಎಂಬುದರ ಉತ್ತರ ಎಲ್ಲಕ್ಕೂ ಕೊನೆಗೆ ಬರಬಹುದು. ಬಂದದ್ದನ್ನು ಬಂದ ಹಾಗೆ ತೋರಿಸುವ ಪುಟದಲ್ಲಿ ಚೌಕದೊಳಗೆ ‘ಮಿರಜ’ ಎಂದಿದ್ದು ಕೆಳಗೆ ‘ಮಿ’ ಎಂಬುದರ ಪಟ್ಟಿ ಇರುತ್ತದೆ! ಆದುದರಿಂದ ಉತ್ತರ ಬಂದಾಗ ‘ಇದು ನಾನು ಈಗ ಕೇಳುತ್ತಿರುವ ಪ್ರಶ್ನೆಯ ಉತ್ತರವೇ?’ ಎಂದು ನೋಡಬೇಕು. ವಿಕಿಪೀಡಿಯದ ಓಪನ್‌ಸರ್ಚ್ ಎಂಬ ಕ್ರಮದಲ್ಲಿ ಬರುವ ಉತ್ತರದ ಮೊದಲನೆಯ ಅಂಶ ನಾವು ಕೇಳಿದ ಪದವೇ ಆಗಿರುತ್ತದೆ; ಅದನ್ನು ಚೌಕದಲ್ಲಿರುವ ಪದದೊಡನೆ ಹೋಲಿಸಿದರೆ ಸಾಕು. ಹೊಸ ಪ್ರಶ್ನೆ ಕೇಳುವ ಮುನ್ನ ಹಳೆಯ ವಿನಂತಿಯನ್ನು ರದ್ದುಗೊಳಿಸುವುದೂ, ಬೆರಳು ನಿಂತು ಕಾಲು ಸೆಕೆಂಡಾದ ಮೇಲೆ ಕೇಳುವುದೂ ಒಳ್ಳೆಯ ರೂಢಿಗಳು.

ಹುಡುಕುವ ಚೌಕದಲ್ಲಿ ಈ ತಪ್ಪು ನಗೆ ತರಿಸೀತು. ಆದರೆ ಕೃಷ್ಣೆಯ ದಂಡೆಯ ಊರುಗಳಲ್ಲಿ ನಮ್ಮ ಬೀಗರು, ನಂಟರು ಇದ್ದಾರೆ. 1929ರಲ್ಲಿ ಆದ ಸಾಂಗಲಿಯ ಇರ್ವಿನ್ ಸೇತುವೆಯ ಬಳಿ ನೀರು 40 ಅಡಿಗೆ ಬಂದರೆ ಎಚ್ಚರಿಕೆಯ ಮಟ್ಟ, 45 ಅಡಿಗೆ ಬಂದರೆ ಅಪಾಯದ ಮಟ್ಟ. 2019ರ ಆಗಸ್ಟಿನ ಮಹಾಪೂರದಲ್ಲಿ ಅದು 57 ಅಡಿಯನ್ನೂ ದಾಟಿತು. ನೀರಿನ ಮಟ್ಟ ತೋರಿಸುವ ಒಂದು ಪುಟದಲ್ಲಿ 43 ಅಡಿ ಎಂಬ ಬೆಳಗಿನ ಉತ್ತರ, 46 ಅಡಿ ಎಂಬ ಮಧ್ಯಾಹ್ನದ ಉತ್ತರದ ಮೇಲೆ ಬಂದು ಕೂತರೆ ಏನಾದೀತು? ಗಂಟುಮೂಟೆ ಕಟ್ಟಬೇಕಾದವರು ನಿಶ್ಚಿಂತೆಯಿಂದ ಕೂಡುವರು. ಆದುದರಿಂದ ಅಳತೆಯ ಜೊತೆಗೆ ಅಳೆದ ವೇಳೆಯನ್ನೂ ಉತ್ತರದಲ್ಲಿ ಕಳಿಸಬೇಕು. ಪರದೆಯ ಮೇಲಿರುವುದಕ್ಕಿಂತ ಹಳೆಯ ಅಳತೆ ಬಂದರೆ ಅದನ್ನು ಬಿಡಬೇಕು. ಓದುವವನಿಗೂ ವೇಳೆ ಕಾಣುವಂತೆ ಬರೆಯಬೇಕು. ಹಾದಿ ಕಡಿದಾಗ ಹಿಂದಿನ ಅಳತೆಯನ್ನು ಹೊಸದೆಂಬಂತೆ ತೋರಿಸದೆ, ‘ಬೆಳಿಗ್ಗೆ 8ರ ಅಳತೆ, ಅನಂತರ ಸುದ್ದಿ ಸಿಕ್ಕಿಲ್ಲ’ ಎಂದು ಹೇಳಬೇಕು.

ನಮ್ಮ ಅಕ್ಷರಗಳ ಪ್ರಯಾಣ

ಕನ್ನಡದಲ್ಲಿ ಕೇಳಿದರೆ ಸರ್ವರಿಗೆ ತಿಳಿಯುವುದು ಹೇಗೆ? ಯೂನಿಕೋಡ್ ಎಂಬ ಜಾಗತಿಕ ಏರ್ಪಾಟಿನಲ್ಲಿ ಒಂದೊಂದು ಲಿಪಿಚಿಹ್ನೆಗೂ ಒಂದೊಂದು ಸಂಖ್ಯೆ ಇದೆ. 3200ರಿಂದ 3327ರ ತನಕದ ಸಂಖ್ಯೆಗಳನ್ನು ಕನ್ನಡಕ್ಕೆ ಮೀಸಲಿಟ್ಟಿದ್ದಾರೆ. ‘ಮ’ಕಾರದ ಸಂಖ್ಯೆ 3246. ಯುಟಿಎಫ್-8 ಎಂಬ ಕ್ರಮದಲ್ಲಿ ಇದು 224, 178, 174 ಎಂಬ ಮೂರು ಬೈಟುಗಳಾಗಿ ತಂತಿಯ ಮೇಲೆ ಹೋಗುತ್ತದೆ. ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟು.

ನಮ್ಮೂರ ಹೆಸರನ್ನೇ ತೆಗೆದುಕೊಳ್ಳಿರಿ. ‘ಲಿಂಗನೂರು’ ಎಂಬಲ್ಲಿ ನಮ್ಮ ಎಣಿಕೆಗೆ ಅಕ್ಷರಗಳು ನಾಲ್ಕು: ಲಿಂ, ಗ, ನೂ, ರು. ಯಂತ್ರದ ಎಣಿಕೆಗೆ ಚಿಹ್ನೆಗಳು ಎಂಟು: ಲಕಾರ, ಇಕಾರದ ಗುಣಿತಚಿಹ್ನೆ, ಅನುಸ್ವಾರ, ಗಕಾರ, ನಕಾರ, ಊಕಾರದ ಚಿಹ್ನೆ, ರಕಾರ, ಉಕಾರದ ಚಿಹ್ನೆ. ಬೈಟುಗಳು 24. ವಿಳಾಸದೊಳಗೆ ಸೇರಿಸುವಾಗ ಒಂದೊಂದು ಬೈಟನ್ನೂ ಶೇಕಡಾ ಚಿಹ್ನೆ ಮತ್ತು ಎರಡು ಅಂಕೆಗಳಿಂದ ಬರೆಯಬೇಕಾದುದರಿಂದ ಅದು 72 ಚಿಹ್ನೆಗಳಷ್ಟು ಉದ್ದವಾಗುತ್ತದೆ. ನಾಲ್ಕಕ್ಷರದ ಊರು ಎಪ್ಪತ್ತೆರಡರ ಅಂಗಿ ತೊಟ್ಟು ಹೊರಟಂತೆ!

ಉತ್ತರದ ಟಿಪ್ಪಣಿಯಲ್ಲಿ ‘ಒಳಗಿರುವುದು ಯುಟಿಎಫ್-8’ ಎಂದು ಸರ್ವರ್ ತಪ್ಪದೆ ಬರೆಯಬೇಕು. ತಪ್ಪಾಗಿ ಬೇರೆ ಕ್ರಮ ಬರೆದರೆ ಬ್ರೌಸರ್ ಆ ಮೂರು ಬೈಟುಗಳನ್ನು ಮೂರು ಬೇರೆ ಬೇರೆ ಯುರೋಪಿನ ಚಿಹ್ನೆಗಳೆಂದು ಓದಿ, ನಮ್ಮ ಹೆಸರುಗಳ ಸ್ಥಾನದಲ್ಲಿ ಅರ್ಥವಿಲ್ಲದ ಗೀಚು ತೋರಿಸುತ್ತದೆ. ಆಗ ಮಾಹಿತಿ ಹಾಳಾಗಿರುವುದಿಲ್ಲ. ಓದುವ ರೀತಿ ತಪ್ಪಿರುತ್ತದೆ. ಗಡಿಯಲ್ಲಿರುವ ನಾವು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು. ದಾಖಲೆಗಳಲ್ಲಿ ನಮ್ಮ ಹೆಸರು ಕನ್ನಡದಲ್ಲಿ ಒಂದು, ದೇವನಾಗರಿಯಲ್ಲಿ ಒಂದು, ಇಂಗ್ಲಿಷಿನಲ್ಲಿ ಒಂದು ರೀತಿಯಾಗಿರುವುದು ಇಲ್ಲಿ ಸಾಮಾನ್ಯ. ಯಂತ್ರಕ್ಕೆ ಇವು ಮೂರು ಬೇರೆ ಬೇರೆ ಜನ.

ಇನ್ನೊಂದು ಮಾತು. ಸರ್ವರಿನಿಂದ ಬಂದ ಅಕ್ಷರಗಳನ್ನು ಪುಟದಲ್ಲಿಡುವಾಗ ಅವನ್ನು ಬರಿಯ ಅಕ್ಷರಗಳೆಂದೇ ಇಡಬೇಕು. ಬಂದದ್ದನ್ನೆಲ್ಲ ಪುಟದ ಅಪ್ಪಣೆಯೆಂದು ಓದಿಸಿದರೆ, ಯಾರೋ ತಮ್ಮ ಹೆಸರಿನ ಚೌಕದಲ್ಲಿ ಬರೆದಿಟ್ಟ ಕೆಟ್ಟ ಅಪ್ಪಣೆಯೂ ನಡೆದುಬಿಡುತ್ತದೆ.

ಉಪಸಂಹಾರ

ಇಷ್ಟನ್ನು ಸಂಗ್ರಹವಾಗಿ ಹೇಳುವುದಾದರೆ: ಉತ್ತರ ಮುಗಿಯಿತೇ ಎಂದು ನೋಡು, ಮೂರಂಕಿಯ ಸಂಖ್ಯೆ ನೋಡು, ಒಳಗಿನದರ ಬಗೆ ನೋಡು, ಅದು ಈಗಿನ ಪ್ರಶ್ನೆಯ ಉತ್ತರವೇ ಎಂದು ನೋಡು, ಅನಂತರ ಮಾತ್ರ ತೋರಿಸು. ಬರದಿದ್ದರೆ ಬರಲಿಲ್ಲವೆಂದು ಹೇಳು. ತಡವಿದ್ದರೆ ತಡವೆಂದು ಹೇಳು. ಇಲ್ಲದಿದ್ದರೆ ಏನಿಲ್ಲವೆಂದು ಬಿಡಿಸಿ ಹೇಳು.

ನಮ್ಮ ಆ ವಿದ್ಯಾರ್ಥಿನಿ ಮುಂದೆ ಮಿರಜಿನಲ್ಲಿ ಓದು ಮುಂದುವರಿಸಿದಳು. ಅಂದಿನಿಂದ ಫಲಿತಾಂಶದ ದಿನ ನಾವು ಎಲ್ಲರ ಪ್ರವೇಶಪತ್ರಗಳನ್ನು ಮೊದಲೇ ಮೇಜಿನ ಮೇಲೆ ತರಿಸಿಡುತ್ತೇವೆ. ಯಾರನ್ನೂ ಒಬ್ಬರೇ ಮನೆಗೆ ಹೋಗಗೊಡುವುದಿಲ್ಲ. ಪರದೆ ‘ಇಲ್ಲ’ ಎಂದಾಗ ಎದೆಗುಂದಬೇಡಿರಿ. ಅದು ಯಾವ ‘ಇಲ್ಲ’ ಎಂದು ಮೊದಲು ಕೇಳಿರಿ.

ಅಭ್ಯಾಸ

1. ‘ಮುಗಿಯಿತು’ ಮತ್ತು ‘ಯಶಸ್ವಿಯಾಯಿತು’ ಇವುಗಳ ವ್ಯತ್ಯಾಸವನ್ನು ಪಾಠದ ಆಧಾರದಿಂದ ವಿವರಿಸಿರಿ.
2. 404 ಮತ್ತು 503 ಬಂದಾಗ ಪುಟವು ಬಳಸುವವನಿಗೆ ಏನು ಹೇಳಬೇಕು? ಒಂದೊಂದು ವಾಕ್ಯವನ್ನು ಶುದ್ಧ ಕನ್ನಡದಲ್ಲಿ ರಚಿಸಿರಿ.
3. ಸಕ್ಕರೆಯ ಚೀಟಿಗೆ ನಂಬರು ಹಾಕಿದ್ದರಿಂದ ಆಗುವ ಪ್ರಯೋಜನವೇನು?
4. ‘ಸಾಂಗಲಿ’ ಎಂಬ ಪದದಲ್ಲಿ ಅಕ್ಷರಗಳೆಷ್ಟು, ಚಿಹ್ನೆಗಳೆಷ್ಟು, ಬೈಟುಗಳೆಷ್ಟು? ನಿಮ್ಮ ಹೆಸರನ್ನೂ ಹೀಗೆಯೇ ಎಣಿಸಿರಿ.
5. ‘ಬಂದಿಲ್ಲ, ಬರಲಿಲ್ಲ, ಬರುವುದಿಲ್ಲ’ ಈ ಮೂರನ್ನೂ ಬಳಸಿ ನಿಮ್ಮ ಮನೆಯ ಒಂದು ಪ್ರಸಂಗವನ್ನು ಬರೆಯಿರಿ.